ಒಮಾನ್ ಶಾಖೆಯ ಏಕೈಕ ಸದಸ್ಯ

ಕೆಲವರು ನಡೆಯುವಾಗ ಎಡವುತ್ತಾರೆ, ನಾನು ಕೂತಲ್ಲೇ ಎಡವುತ್ತೇನೆ. ಮಸ್ಕತ್ತಿಗೆ ಬಂದು ಇಷ್ಟು ವರ್ಷವಾದರೂ ಆ ಅಭ್ಯಾಸ ಬಿಟ್ಟಿಲ್ಲ. ಖುರುಮ್‌ನಲ್ಲಿ ಆಫೀಸು, ಸೀಬ್‌ನಲ್ಲಿ ಎರಡು ಕೋಣೆಯ ಫ್ಲಾಟು, ನಡುವೆ ಟ್ರಾಫಿಕ್ಕು. ಹೆಂಡತಿಗೆ ಊರಲ್ಲಿ ಸರಕಾರಿ ಶಾಲೆಯ ಟೀಚರ್ ಕೆಲಸ. ಅದನ್ನು ಬಿಟ್ಟು ಬಾ ಎನ್ನಲು ನನಗೆ ಬಾಯಿಲ್ಲ, ಇದನ್ನು ಬಿಟ್ಟು ಬನ್ನಿ ಎನ್ನಲು ಅವಳಿಗೂ ಬಾಯಿಲ್ಲ. ಹಾಗಾಗಿ ವಾರದಲ್ಲಿ ಐದು ದಿನ ನಾನು ಆಫೀಸಿನವನು, ಶುಕ್ರವಾರ ಬಟ್ಟೆ ಒಗೆಯುವವನು, ಶನಿವಾರ ಮಾತ್ರ ಯಾರೂ ಅಲ್ಲ.

ಆ ಶನಿವಾರವನ್ನು ಏನು ಮಾಡುವುದೆಂಬುದೇ ಇಲ್ಲಿ ನನ್ನ ದೊಡ್ಡ ತಲೆನೋವು. ಅದಕ್ಕೆ ಡೆನ್ಮಾರ್ಕಿನ ಒಂದು ಫುಟ್‌ಬಾಲ್ ಕ್ಲಬ್ಬು ಮದ್ದಾಯಿತು ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಹೆಂಡತಿಯಂತೂ ಇವತ್ತಿಗೂ ನಂಬಿಲ್ಲ. ಊರಿನ ಉಸಾಬರಿ ಸಾಲದೆಂದು ಡೆನ್ಮಾರ್ಕಿನದ್ದೂ ಬೇಕಿತ್ತಾ ಎಂದು ಕೇಳುತ್ತಾಳೆ.

೧. ಸನ್ಮಾನ

ನಮ್ಮದು ಬಂದರುಗಳ ನಕ್ಷೆ ತಯಾರಿಸುವ ಆಫೀಸು. ದೊಡ್ಡ ಸಾಹೇಬರು ಡೆನ್ಮಾರ್ಕಿನವರು. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರ, ಮಾತು ಮಾತ್ರ ಗಿಡ್ಡ. ಹೆಂಡತಿ ತೀರಿಕೊಂಡಿದ್ದರು, ದೊಡ್ಡ ವಿಲ್ಲಾದಲ್ಲಿ ಒಬ್ಬರೇ ಇದ್ದರು. ಒಂದು ಗುರುವಾರ ನನ್ನ ಮೇಜಿನ ಹತ್ತಿರ ಬಂದು, ಶನಿವಾರ ಸಂಜೆ ಮನೆಗೆ ಬಾ ಎಂದರು. ಓವರ್‌ಟೈಮ್ ಇರಬೇಕೆಂದು ನಾನು ಲ್ಯಾಪ್‌ಟಾಪು, ನಕ್ಷೆಯ ಸುರುಳಿ ಎಲ್ಲ ಹೊತ್ತುಕೊಂಡು ಹೋದೆ.

ಬಾಗಿಲು ತೆರೆದ ಸಾಹೇಬರು ನೀಲಿ ಬಿಳಿ ಪಟ್ಟೆಯ ಉಣ್ಣೆಯ ವಸ್ತ್ರವೊಂದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಹೆಗಲಿಗೆ ಹಾಕಿದರು.

ನಮ್ಮಲ್ಲಿ ಶಾಲು ಹೊದಿಸಿದರೆ ಅದಕ್ಕೆ ಒಂದೇ ಅರ್ಥ. ನಾನು ತಲೆ ಬಾಗಿಸಿ ಕೈ ಮುಗಿದೆ. ಹಾರ, ಹಣ್ಣಿನ ಬುಟ್ಟಿ ಹಿಂದೆಲ್ಲಾದರೂ ಇರಬಹುದೆಂದು ಸಾಹೇಬರ ಮೊಣಕೈ ಸಂದಿಯಿಂದ ಕಣ್ಣು ಹಾಯಿಸಿದೆ. ಕಾಣಲಿಲ್ಲ. ಆದರೂ ಸನ್ಮಾನಿತರು ನಾಲ್ಕು ಮಾತು ಆಡುವುದು ಪದ್ಧತಿ. ಗಂಟಲು ಸರಿಮಾಡಿಕೊಂಡು, ಈ ಗೌರವಕ್ಕೆ ನಾನು ಅರ್ಹನಲ್ಲ, ಇದು ನಮ್ಮ ಇಡೀ ವಿಭಾಗಕ್ಕೆ ಸಂದ ಗೌರವ, ಆಡಳಿತ ಮಂಡಳಿಗೆ ಚಿರಋಣಿ ಎಂದು ಇಂಗ್ಲಿಷಿನಲ್ಲಿ ಒಂದು ಭಾಷಣವನ್ನೇ ಮಾಡಿದೆ. ಸಾಹೇಬರು ಕೈ ಕಟ್ಟಿಕೊಂಡು ಪೂರ್ತಿ ಕೇಳಿದರು.

‘ಮುಗಿಯಿತಾ?’ ಎಂದರು. ‘ಹಾಗಾದರೆ ಕೂತುಕೋ. ಆಟ ಶುರುವಾಗಿ ಆಗಲೇ ಎರಡು ನಿಮಿಷ ಆಯಿತು.’

ಅದು ಅವರ ಊರಿನ ಕ್ಲಬ್ಬಿನ ಮಫ್ಲರ್. ಹೊರಗೆ ಮೊಟ್ಟೆ ಒಡೆದರೆ ಬೇಯುವ ಸೆಕೆ, ಒಳಗೆ ನಾವಿಬ್ಬರು ಉಣ್ಣೆ ಸುತ್ತಿಕೊಂಡು ಟಿವಿ ಮುಂದೆ ಕೂತೆವು. ಇಡೀ ಆಫೀಸಿನಲ್ಲಿ ನನ್ನನ್ನೇ ಯಾಕೆ ಕರೆದಿರಿ ಎಂದು ಮಧ್ಯಂತರದಲ್ಲಿ ಕೇಳಿದೆ. ರಜೆಯಲ್ಲಿ ಏನು ಮಾಡಿದಿರಿ ಎಂದು ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಕೇಳುತ್ತೇನೆ, ‘ಏನೂ ಇಲ್ಲ’ ಎನ್ನುವವನು ನೀನೊಬ್ಬನೇ ಎಂದರು. ಸನ್ಮಾನದ ದಿನವೇ ನಮ್ಮವರು ಮೂರು ಗೋಲಿನಿಂದ ಸೋತರು.

೨. ವಾಸನೆ

ಕ್ಲಬ್ಬಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ಹೇಳಲು ಬರುವುದಿಲ್ಲ. ಬಿಸಿ ಗೋಳಿಬಜೆ ಬಾಯಲ್ಲಿಟ್ಟುಕೊಂಡು ನುಂಗಲೂ ಆಗದೆ ಉಗುಳಲೂ ಆಗದೆ ಮಾತಾಡಿದರೆ ಸುಮಾರಾಗಿ ಆ ಹೆಸರು ಬರುತ್ತದೆ. ಊರು ಸಣ್ಣದು, ಮೀನುಗಾರಿಕೆಯ ಬಂದರು. ಹಿಂದೆ ಅಲ್ಲಿ ಎರಡು ಕ್ಲಬ್ಬುಗಳಿದ್ದವಂತೆ. ಒಂದು ದೋಣಿಯವರದ್ದು, ಇನ್ನೊಂದು ಅಂಗಡಿಯವರದ್ದು. ಅವರು ಬ್ರೆಡ್ ಕೊಳ್ಳುವ ಬೇಕರಿಯಿಂದ ಇವರು ಬ್ರೆಡ್ ಕೊಳ್ಳುತ್ತಿರಲಿಲ್ಲ. ಕೊನೆಗೆ ಎರಡೂ ಮುಳುಗುವ ಹಾಗಾದಾಗ ಬೇರೆ ದಾರಿ ಕಾಣದೆ ಒಂದಾದವು. ಇವರ ನೀಲಿ, ಅವರ ಬಿಳಿ ಸೇರಿಸಿ ಪಟ್ಟೆ ಪಟ್ಟೆ ಅಂಗಿ ಹೊಲಿಸಿದರು. ತೋಳಿನ ಪಕ್ಕದ ಪಟ್ಟೆ ನೀಲಿಯೋ ಬಿಳಿಯೋ ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಇದನ್ನು ಕೇಳಿದ ನಾನು, ಯಕ್ಷಗಾನದ ತೆಂಕುತಿಟ್ಟು ಬಡಗುತಿಟ್ಟು ಸೇರಿಸಿ ಒಂದೇ ಮೇಳ ಕಟ್ಟಿದ ಹಾಗಾಯಿತು ಎಂದು ಅರ್ಧ ಗಂಟೆ ವಿವರಿಸಿದೆ. ಸಾಹೇಬರು ನಿದ್ದೆ ಹೋದರು ಎಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ, ಕೊನೆಗೆ ಯಾರ ಚೆಂಡೆ ಉಳಿಯಿತು ಎಂದು ಕೇಳಿದರು. ವಿಷಯ ಪೂರ್ತಿ ಅರ್ಥವಾಗಿತ್ತು.

ಎದುರಾಳಿಗಳ ಊರಿಗೆ ಆಡಲು ಹೋದರೆ ಅಲ್ಲಿನವರು ಮೂಗು ಹಿಡಿದುಕೊಂಡು, ಮೀನು ನಾರುವವರು ಬಂದರು ಎಂದು ಹಾಡುತ್ತಾರಂತೆ. ನಮ್ಮವರು ಅದಕ್ಕೆ ಸಿಟ್ಟಾಗುವುದಿಲ್ಲ. ‘ಹೌದು, ನಾರುತ್ತೇವೆ, ಇನ್ನೂ ಹತ್ತಿರ ಬನ್ನಿ’ ಎಂದು ಅವರದ್ದೇ ರಾಗದಲ್ಲಿ ತಿರುಗಿ ಹಾಡುತ್ತಾರೆ. ನಾನು ಮಲ್ಪೆಯವನು. ಕಾಲೇಜಿನ ಹಾಸ್ಟೆಲ್ಲಿನಲ್ಲಿ ನನ್ನ ಊರು ಕೇಳಿದ ಕೂಡಲೇ ರೂಮಿನ ಹುಡುಗ ತನ್ನ ಮಂಚವನ್ನು ಕಿಟಕಿ ಹತ್ತಿರ ಎಳೆದುಕೊಂಡಿದ್ದ. ಅದನ್ನು ಹೆಂಡತಿಗೂ ಹೇಳಿರಲಿಲ್ಲ, ಸಾಹೇಬರಿಗೆ ಹೇಳಿದೆ. ಅವರು ಎದ್ದು ನಿಂತು ನನಗೆ ಆ ಹಾಡು ಕಲಿಸಿದರು. ಆವತ್ತಿನಿಂದ ಆ ಕ್ಲಬ್ಬು ನನ್ನದೂ ಆಯಿತು. ಹಾಡುವಾಗ ನನ್ನ ಕಣ್ಣಲ್ಲಿ ನೀರು ಬಂತೆಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಸಾಹೇಬರ ಸೋದರಮಾವ ದೋಣಿಯವರ ಕಡೆಯವರು. ತುಂಬ ವಯಸ್ಸಾಗಿದ್ದರೂ ಒಂದು ಆಟವನ್ನೂ ತಪ್ಪಿಸುವುದಿಲ್ಲವಂತೆ. ಎರಡು ಕ್ಲಬ್ಬು ಒಂದಾದದ್ದನ್ನು ಅವರು ಈಗಲಾದರೂ ಒಪ್ಪಿಕೊಂಡಿದ್ದಾರಾ ಎಂದು ಕೇಳಿದೆ. ಅರ್ಧ ಒಪ್ಪಿದ್ದಾರೆ ಎಂದರು ಸಾಹೇಬರು. ಗೆದ್ದ ದಿನ ಮನೆಗೆ ಬಂದು ‘ನಾವು ಗೆದ್ದೆವು’ ಎನ್ನುತ್ತಾರಂತೆ, ಸೋತ ದಿನ ‘ಅವರು ಸೋತರು’ ಎನ್ನುತ್ತಾರಂತೆ.

೩. ಸದಸ್ಯತ್ವ ಅಭಿಯಾನ

ಸಾಹೇಬರು ನಿವೃತ್ತರಾಗಿ ಊರಿಗೆ ಹೊರಟರು. ಏರ್‌ಪೋರ್ಟಿಗೆ ಬಿಡಲು ನಾನೇ ಹೋಗಿದ್ದೆ. ಒಮಾನ್ ಶಾಖೆಯನ್ನು ನಿನಗೆ ಒಪ್ಪಿಸುತ್ತಿದ್ದೇನೆ, ಅಧ್ಯಕ್ಷನೂ ನೀನೇ, ಕಾರ್ಯದರ್ಶಿಯೂ ನೀನೇ, ಗಲಾಟೆ ಮಾಡುವವನೂ ನೀನೇ ಎಂದು ಕೈ ಕುಲುಕಿ ಒಳಗೆ ಹೋದರು. ಅವರು ಕಾಣದಾದ ಮೇಲೂ ನಾನು ಗಾಜಿನ ಈಚೆ ನಿಂತಿದ್ದೆ.

ಮುಂದಿನ ಶನಿವಾರ ಏಸಿ ತಣ್ಣಗೆ ಮಾಡಿ, ಮಫ್ಲರ್ ಸುತ್ತಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತೆ. ಒಬ್ಬನೇ ಬೊಬ್ಬೆ ಹೊಡೆದರೆ ಆ ಬೊಬ್ಬೆ ಗೋಡೆಗೆ ತಾಗಿ ನನಗೇ ವಾಪಸ್ ಬರುತ್ತಿತ್ತು. ಹೀಗಾದರೆ ಹುಚ್ಚು ಹಿಡಿಯುತ್ತದೆ, ಇನ್ನೊಬ್ಬ ಸದಸ್ಯ ಬೇಕೇಬೇಕು ಎಂದು ಆಫೀಸಿನ ಡ್ರೈವರನಿಗೆ ಗಾಳ ಹಾಕಿದೆ. ಪುತ್ತೂರಿನವನು, ಒಳ್ಳೆಯ ಮಾತುಗಾರ. ಬಿರಿಯಾನಿ ಇದೆ ಎಂದ ಮೇಲೆ ಬಂದ.

ಡೆನ್ಮಾರ್ಕಿನವರು ತಮ್ಮ ತಂಡವನ್ನು ಹುರಿದುಂಬಿಸಲು ‘ಕಮ್ ಸೋ’ ಎಂದು ಕೂಗುತ್ತಾರೆ. ಬನ್ನಿ, ಮುನ್ನುಗ್ಗಿ ಎಂಬ ಅರ್ಥ. ಆವತ್ತು ಇಡೀ ಮೈದಾನ ಒಂದೇ ದನಿಯಲ್ಲಿ ‘ಕಮ್ ಸೋ, ಕಮ್ ಸೋ’ ಎನ್ನುತ್ತಿತ್ತು, ನಾನೂ ಎನ್ನುತ್ತಿದ್ದೆ. ಆಗಲೇ ನಾವು ಎರಡು ಗೋಲು ಹಿಂದೆ ಬಿದ್ದಿದ್ದೆವು. ಡ್ರೈವರ್ ಕೋಳಿ ಕಾಲು ಕೆಳಗಿಟ್ಟ.

‘ಎಂತ ಮಾರಾಯ್ರೆ ಇದು,’ ಎಂದ. ‘ಊರಿಗೆ ಊರೇ ಬಾ ಸೋಲು, ಬಾ ಸೋಲು ಅಂತ ಬೊಬ್ಬೆ ಹಾಕಿದ್ರೆ, ಪಾಪ, ಅವ್ರಾದ್ರೂ ಎಂತ ಮಾಡೂದು?’

ಅವನು ಮತ್ತೆ ಬರಲಿಲ್ಲ. ಉಳಿದ ಬಿರಿಯಾನಿಯನ್ನು ಮಾತ್ರ ಮರೆಯದೆ ಕಟ್ಟಿಸಿಕೊಂಡು ಹೋದ.

೪. ಮೊಲ

ಡೆನ್ಮಾರ್ಕಿನ ಭಾಷೆಯಲ್ಲಿ ಗೋಲಿಗೆ ಹೇಳುವ ಮಾತು ಕಿವಿಗೆ ನಮ್ಮ ಮೊಲದ ಹಾಗೆಯೇ ಕೇಳುತ್ತದೆ. ಗೋಲಾದರೆ ವೀಕ್ಷಕ ವಿವರಣೆಯವನು ‘ಮೋ...ಲ್’ ಎಂದು ಎಳೆಯುತ್ತಾನೆ. ನಾನು ಎಳೆದರೆ ಕನ್ನಡದ ಬಾಯಿ ಕೇಳಬೇಕಲ್ಲ, ಕೊನೆಗೊಂದು ಸ್ವರ ಸೇರಿ ಅಪ್ಪಟ ಮೊಲವೇ ಆಗುತ್ತದೆ. ಒಂದು ಶನಿವಾರ ನಮ್ಮವರು ಅಪರೂಪಕ್ಕೆ ಮೇಲಿಂದ ಮೇಲೆ ಎರಡು ಗೋಲು ಹೊಡೆದರು. ನಾನು ಸೋಫಾದ ಮೇಲೆ ನಿಂತು ‘ಮೊಲ, ಮೊಲ’ ಎಂದು ಕುಣಿದೆ. ಸ್ವಲ್ಪ ಹೊತ್ತಿಗೆ ಬೆಲ್ ಆಯಿತು.

ಕೆಳಗಿನ ಮನೆಯ ಮೈಸೂರಿನ ಹೆಂಗಸು. ಅಲ್ಲಿಯವರೆಗೆ ನಮ್ಮ ಪರಿಚಯವೆಂದರೆ, ನಾನು ಬಂಗುಡೆ ಹುರಿದ ದಿನ ಅವರು ಲಿಫ್ಟಿನಲ್ಲಿ ದುಪಟ್ಟದಿಂದ ಮೂಗು ಮುಚ್ಚಿಕೊಳ್ಳುವುದು, ನಾನು ಲಿಫ್ಟಿನ ನಂಬರುಗಳನ್ನು ಓದುವುದು, ಅಷ್ಟೇ.

‘ನೀವು ಮೊಲ ಸಾಕಿದೀರಾ?’ ಎಂದು ಪಿಸುಗುಟ್ಟಿದರು. ಕಟ್ಟಡದ ಮಾಲೀಕರು ಪ್ರಾಣಿಗಳನ್ನು ಬಿಡುವುದಿಲ್ಲ, ಆದರೆ ತಾನು ಯಾರಿಗೂ ಹೇಳುವುದಿಲ್ಲ ಎಂದು ಭರವಸೆಯನ್ನೂ ಕೊಟ್ಟರು. ಮೈಸೂರಿನಿಂದ ಅವರ ಅತ್ತೆ ಬಂದಿದ್ದರಂತೆ. ಇಡೀ ದಿನ ಕಿಟಕಿಯ ಮುಂದೆ ಮಾತಿಲ್ಲದೆ ಕೂರುವ ಅತ್ತೆ, ಮೇಲಿನಿಂದ ಕನ್ನಡದಲ್ಲಿ ಮೊಲ ಎಂದು ಕೇಳಿಸಿದ್ದೇ ತಡ, ನೆಟ್ಟಗಾಗಿ, ವಿಚಾರಿಸಿಕೊಂಡು ಬಾ ಎಂದು ಸೊಸೆಯನ್ನು ಅಟ್ಟಿದ್ದರು.

ಅಲ್ಲ, ಇದು ಡೆನ್ಮಾರ್ಕಿನ ಗೋಲು ಎನ್ನಬೇಕೆಂದಿದ್ದೆ. ಆದರೆ ಎಷ್ಟೋ ತಿಂಗಳಿಂದ ಗ್ಯಾಸ್ ಸಿಲಿಂಡರಿನವನ ಹೊರತು ಆ ಬೆಲ್ ಒತ್ತಿದವರಿರಲಿಲ್ಲ. ಬಾಯಿಂದ ‘ಹೂಂ’ ಎಂದು ಬಂದುಬಿಟ್ಟಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ, ಹಿಡಿಯದ ಮೊಲದ ಕಾಲು ಎಣಿಸಿದವನು ನಾನೊಬ್ಬನೇ.

ಮುಂದಿನ ಶನಿವಾರ ಅತ್ತೆಯವರ ಕಡೆಯಿಂದ ಒಂದು ಡಬ್ಬಿ ತುಂಬ ಎಳೆ ಕ್ಯಾರೆಟ್ ಬಂತು. ತೊಳೆದು, ಆಟ ನೋಡುತ್ತಾ ನಾನೇ ತಿಂದೆ. ಆಮೇಲೆ ಪ್ರತಿ ಶನಿವಾರ ಬರತೊಡಗಿತು. ಡಬ್ಬಿಯ ಜೊತೆ ಪ್ರಶ್ನೆಗಳೂ ಬಂದವು. ಹೆಸರೇನು ಎಂದು ಕೇಳಿದ್ದಕ್ಕೆ, ಬಾಯಿಗೆ ಬಂದ ಆಟಗಾರನ ಹೆಸರು ನೀಲ್ಸ್ ಎಂದೆ. ಕೆಳಗೆ ಹೋಗುವಷ್ಟರಲ್ಲಿ ಅದು ನೀಲಾ ಆಗಿ, ಮರಿ ಯಾವಾಗ ಎಂಬ ಮರುಪ್ರಶ್ನೆ ಬಂತು. ನಮ್ಮವರು ವಾರಗಟ್ಟಲೆ ಗೋಲು ಹೊಡೆಯದಿದ್ದಾಗ ಸೊಸೆ ಮುಖ ಸಣ್ಣದು ಮಾಡಿಕೊಂಡು ಬಂದು, ಮೊಲಕ್ಕೆ ಹುಷಾರಿಲ್ವಾ, ನೀವು ಕೂಗೋದೇ ಕೇಳಿಸ್ತಿಲ್ಲವಲ್ಲ, ಅತ್ತೆ ಊಟ ಸರಿಯಾಗಿ ಮಾಡ್ತಿಲ್ಲ ಎಂದರು. ಅಂದಿನಿಂದ ಗೋಲಿಗಾಗಿ ನಾನು ಇಮ್ಮಡಿ ಬೇಡಿಕೊಳ್ಳತೊಡಗಿದೆ.

ಕೊನೆಯ ಆಟದ ದಿನ ಬಂತು. ಗೆಲ್ಲದಿದ್ದರೆ ನಮ್ಮ ಕ್ಲಬ್ಬು ಕೆಳಗಿನ ದರ್ಜೆಗೆ ಬೀಳುತ್ತದೆ. ಆಟ ಮುಗಿಯುವ ಹೊತ್ತು, ಒಂದೂ ಗೋಲಿಲ್ಲ. ಆಗಲೇ ಬೆಲ್ ಆಯಿತು. ಸೊಸೆಯ ಕೈ ಹಿಡಿದುಕೊಂಡು ಅತ್ತೆಯೇ ಮೇಲೆ ಬಂದಿದ್ದರು. ನಾಡಿದ್ದು ಊರಿಗೆ ವಿಮಾನ, ಅದಕ್ಕೆ ಮೊದಲು ಒಂದು ಸಲ ಮೊಲ ನೋಡಬೇಕಂತೆ. ಸುಳ್ಳು ಸಿಕ್ಕಿಬಿತ್ತು, ಇನ್ನು ಈ ಬೆಲ್ ಆಗುವುದಿಲ್ಲ ಎಂದುಕೊಂಡೆ. ಇಬ್ಬರನ್ನೂ ಸೋಫಾದಲ್ಲಿ ಕೂರಿಸಿದೆ.

‘ಎಲ್ಲಪ್ಪಾ ಮೊಲ?’ ಎಂದರು ಅತ್ತೆ.

‘ಬರಬೇಕಮ್ಮಾ,’ ಎಂದೆ, ಕಣ್ಣು ಲ್ಯಾಪ್‌ಟಾಪಿನಲ್ಲೇ ಇಟ್ಟು. ‘ಬರದಿದ್ದರೆ ನಾವು ಕೆಳಗೆ ಹೋಗಬೇಕಾಗುತ್ತದೆ.’

‘ಕೆಳಗೆ ಯಾಕೆ? ಅಲ್ಲಿಂದಲೇ ಅಲ್ವಾ ನಾವು ಬಂದಿದ್ದು.’

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಸಾಹೇಬರು, ಡೆನ್ಮಾರ್ಕು, ಎರಡು ಕ್ಲಬ್ಬು, ಗೋಲಿಗೆ ಅವರ ಮಾತು, ಖಾಲಿ ಮನೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಹೇಳಿ ಮುಗಿಯುವುದಕ್ಕೂ, ನಮ್ಮವನೊಬ್ಬನ ಮಂಡಿಗೆ ತಗುಲಿದ ಚೆಂಡು ಬಲೆಯೊಳಗೆ ಉರುಳುವುದಕ್ಕೂ ಸರಿಯಾಯಿತು. ವಿವರಣೆಯವನು ಗಂಟಲು ಹರಿಯುವಂತೆ ‘ಮೋ...ಲ್’ ಎಂದ. ನನಗೆ ಮಾತ್ರ ಕೂಗಲು ಧೈರ್ಯವಾಗಲಿಲ್ಲ.

ಅತ್ತೆ ಲ್ಯಾಪ್‌ಟಾಪನ್ನು ನೋಡಿದರು. ನನ್ನ ಕುತ್ತಿಗೆಯ ಉಣ್ಣೆಯನ್ನು ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಅರ್ಧ ಕಚ್ಚಿದ ಕ್ಯಾರೆಟ್ಟನ್ನು ಬಹಳ ಹೊತ್ತು ನೋಡಿದರು.

‘ಹಾಗಾದ್ರೆ ಇಷ್ಟು ದಿನ ಕ್ಯಾರೆಟ್ ತಿಂದ ಮೊಲ ನೀನೇ ಏನಪ್ಪಾ?’

ನಾನು ತಲೆ ತಗ್ಗಿಸಿದೆ. ಅವರು ಸೊಸೆಯ ಕಡೆ ತಿರುಗಿದರು.

‘ಪಾಪ, ಹಸೀದೇ ಕಳಿಸಿಬಿಟ್ವಲ್ಲೇ. ಮುಂದಿನ ಶನಿವಾರದಿಂದ ಒಗ್ಗರಣೆ ಹಾಕಿ ಕೊಡು.’