ಇಟಲಿಯವನ ಮೇಲೆ ಅತ್ತೆಯ ತಕರಾರು

ನಮ್ಮ ಅತ್ತೆಗೆ ಇಟಲಿಯ ಗಂಡಸೊಬ್ಬನ ಮೇಲೆ ಕಡುಕೋಪ. ಅವನು ಇವಳನ್ನು ಕಂಡಿಲ್ಲ, ಇವಳು ಅವನನ್ನು ಕಂಡಿಲ್ಲ. ಅತ್ತೆ ಇರುವ ಬಸವನ ಬಾಗೇವಾಡಿಯಿಂದ ಇಟಲಿ ತುಸು ದೂರವೇ. ಸಾಲದ್ದಕ್ಕೆ ಅವನು ಕಾದಂಬರಿಯೊಳಗಿನ ಮನುಷ್ಯ! ಆದರೆ ಇದ್ಯಾವುದೂ ಜಗಳಕ್ಕೆ ಅಡ್ಡಿಯಾಗಬೇಕೆಂದು ಅತ್ತೆಗೆ ಅನ್ನಿಸಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ, ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳು. ಕಾಲು ಉಳುಕಿ ಮಂಚ ಹಿಡಿದಿದ್ದಾಗ, ಹೊತ್ತು ಹೋಗಲಿ ಎಂದು ನಾನೇ ನಾನಿರುವ ಸಿಂದಗಿಯಿಂದ ಒಂದು ಇಟಾಲಿಯನ್ ಕಾದಂಬರಿಯ ಅನುವಾದ ಒಯ್ದುಕೊಟ್ಟೆ. ಹರೆಯದಲ್ಲಿ ಪರದೇಶಕ್ಕೆ ದುಡಿಯಲು ಹೋದವನೊಬ್ಬ ಮಹಾಯುದ್ಧ ಮುಗಿದ ಮೇಲೆ ಊರಿಗೆ ಮರಳುತ್ತಾನೆ. ಬೇಕಾದವರು ಸತ್ತಿದ್ದಾರೆ, ಮನೆಯಲ್ಲಿ ಬೇರೆಯವರಿದ್ದಾರೆ. ಅವನು ಸುಮ್ಮನೆ ಅಡ್ಡಾಡುತ್ತ ಹಳೆಯದನ್ನು ನೆನೆಯುತ್ತಾನೆ. ಕಥೆ ಇಷ್ಟೇ.

ಮರುದಿನವೇ ಫೋನು ಬಂತು.

"ಸಮುದ್ರ ದಾಟಿ ಬಂದಾನ, ಹುಡುಗರ ಕೈಯಾಗ ಇಡಾಕ ಒಂದ ಪೆಪ್ಪರಮೆಂಟ್ ತಂದಿಲ್ಲಲ್ಲೋ?"

"ಅತ್ತಿ, ಅದು ಸಾಹಿತ್ಯ."

"ಸಾಹಿತ್ಯದಾಗ ಹುಡುಗರಿಗೆ ಬಾಯಿ ಇರಂಗಿಲ್ಲೇನು?"

ಅರ್ಧ ಪುಸ್ತಕ ಮುಗಿಯುವ ಹೊತ್ತಿಗೆ ಅವಳ ಸಿಟ್ಟು ಇಡೀ ಊರಿನ ಮೇಲೆ ತಿರುಗಿತ್ತು. "ಒಬ್ಬ ಹೆಣ್ಣಮಗಳೂ 'ಉಣ್ಣು ಬಾ' ಅಂದಿಲ್ಲ ಅಂವಗ. ಎಂಥಾ ಊರೋ ಅದು?"

"ಯುದ್ಧ ಆಗೇತಿ ಅತ್ತಿ."

"ಯುದ್ಧ ಆದ್ರ ರೊಟ್ಟಿ ಬಡಿಯೂದ ಬಿಡ್ತಾರೇನು?"



ಬರಬರುತ್ತ ವಿಷಯ ಓಣಿಗೆಲ್ಲ ಹಬ್ಬಿತು. ಕಾಯಿಪಲ್ಯ ಮಾರುವವಳು ಬುಟ್ಟಿ ಇಳಿಸುತ್ತ, "ಇಟಲಿಯವರ ಮನಿ ವಿಚಾರ ಏನಾತ್ರಿ ಅಕ್ಕಾರ? ಮನ್ಯಾಗ ಕುಂತಾವರು ಬಿಟ್ಟಕೊಟ್ರ?" ಎಂದು ಕೇಳತೊಡಗಿದಳು. ಅವಳ ಲೆಕ್ಕದಲ್ಲಿ ಅವನು ನಮ್ಮ ಬೀಗರ ಪೈಕಿ.

ಕಾಲು ನೆಟ್ಟಗಾದ ಮೇಲೆ ಅತ್ತೆ ಇಂಡಿ ಪಟ್ಟಣದಲ್ಲೊಂದು ಮದುವೆಗೆ ಹೋದಳು. ಅಲ್ಲಿಯೂ ಊಟದ ಪಂಕ್ತಿಯಲ್ಲಿ ಅದೇ ಪುರಾಣ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಹಳ ಹೊತ್ತು ಕಿವಿಗೊಟ್ಟು, ಕೊನೆಗೆ ಕೇಳಿದರು: "ಹುಡುಗಗ ಮದುವಿ ಆಗೇತೇನ್ರಿ?"

"ಇಲ್ರಿ. ಊರಾಗ ಅವಗ ಯಾರೂ ಉಳದಿಲ್ಲ, ಪಾಪ."

"ಅತ್ತಿ ಮಾವನ ಕಾಟ ಇಲ್ಲ ಅಂದಂಗಾತು. ನಮ್ಮ ತಮ್ಮನ ಮಗಳ ಫೋಟೋ ಕಳಸ್ತೇನ್ರಿ."

ಹೀಗೆ ಇಟಲಿಯವನಿಗೆ ನಮ್ಮ ಜಿಲ್ಲೆಯಲ್ಲಿ ಹೆಣ್ಣು ಗೊತ್ತಾಗುವುದೊಂದು ಬಾಕಿ ಉಳಿಯಿತು. ಅಷ್ಟರಲ್ಲಿ ಅತ್ತೆ ಓದುವುದನ್ನೇ ನಿಲ್ಲಿಸಿಬಿಟ್ಟಳು. ಕೊನೆಯ ಕೆಲವು ಪುಟಗಳು ಹಾಗೆಯೇ ಉಳಿದವು. ಯಾಕೆಂದು ಕೇಳಿದೆ.

"ಅಂವ ಹೊಳ್ಳಿ ಹೋಗ್ತಾನ, ನನಗ ಗೊತ್ತೈತಿ. ಬರಾಕ ಊರ ಐತಿ, ಇರಾಕ ಮನಸಿಲ್ಲ. ಇಂಥಾವ್ರಿಗೆ ಏನ ಹೇಳೂದು?"

ಆ ದನಿಯಲ್ಲಿ ತಮಾಷೆ ಇರಲಿಲ್ಲ. ನನಗೆ ಆಗ ಹೊಳೆಯಿತು.

ಅತ್ತೆಯ ತವರು, ಅಂದರೆ ನಮ್ಮ ಹಿರಿಯರ ಊರು, ಕೃಷ್ಣೆಯ ದಂಡೆಯಲ್ಲಿತ್ತು. ನಾನು ತೊಟ್ಟಿಲಲ್ಲಿದ್ದಾಗ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಸ್ವಲ್ಪ ದಿನ ಅಲ್ಲಿನ ಮುರುಕು ಗೋಡೆಗಳು ಮೇಲೇಳುತ್ತವೆ. ಊರವರೆಲ್ಲ ಹೋಗಿ ನೋಡಿ ಬರುತ್ತಾರೆ. ಅತ್ತೆ ಮಾತ್ರ ಒಮ್ಮೆಯೂ ಹೋದವಳಲ್ಲ, ಕರೆದರೆ "ನೀರಾಗ ಏನ ನೋಡೂದೈತಿ?" ಅನ್ನುತ್ತಿದ್ದಳು. ಈ ಸಲ ಮೇ ತಿಂಗಳಲ್ಲಿ ತಾನೇ ಫೋನು ಮಾಡಿ, "ಗಾಡಿ ತಗೊಂಡ ಬಾ, ಹೋಗಿ ಬರೂಣು" ಅಂದಳು.

ಬಿರುಕುಬಿಟ್ಟ ಮಣ್ಣಿನ ಮೇಲೆ ನನ್ನ ತೋಳು ಹಿಡಿದು ನಡೆದಳು. ದಾರಿ ಎಂಬುದೇ ಇರಲಿಲ್ಲ. ಆದರೂ ಅವಳು ಬಯಲಿನಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತಿದ್ದಳು. ಇಲ್ಲದ ಓಣಿಗಳ ತಿರುವು ಅವಳ ಕಾಲಿಗೆ ನೆನಪಿತ್ತು. ಒಂದೆಡೆ ನಿಂತಳು. ಮೊಣಕಾಲೆತ್ತರದ ಕಲ್ಲುಗೋಡೆ, ನಡುವೆ ಒಂದು ಹೊಸ್ತಿಲ ಕಲ್ಲು. ಅಷ್ಟೇ. ಅತ್ತೆ ಬಗ್ಗಿ ಅದರ ಮೇಲಿನ ಒಣಕೆಸರನ್ನು ಸೆರಗಿನಿಂದ ಒರೆಸಿದಳು. ಫೋಟೋ ತೆಗೆಯಲೆಂದು ನಾನು ಹೊಸ್ತಿಲು ದಾಟಿ ಆಚೆ ಕಾಲಿಟ್ಟೆ.

"ತಮ್ಮಾ," ಅಂದಳು ಅತ್ತೆ ಮೆಲ್ಲಗೆ, "ಚಪ್ಪಲಿ ಹೊರಗ ಬಿಡು. ಮನಿಯೊಳಗ ಹಂಗ ಬರ್ತಾರೇನು?"

ಹಿಂದೆ ಸರಿದು ಚಪ್ಪಲಿ ಬಿಟ್ಟೆ. ನೆಲ ಕಾದು ಅಂಗಾಲು ಸುಡುತ್ತಿತ್ತು. ಇಬ್ಬರೂ ಒಳಗೆ ಹೋದೆವು.