ಹದಿನಾರು ಹೆಜ್ಜೆಯ ಸಂತೆ

ಸಿನಿಮಾಗಳ ಎರಡನೇ ಭಾಗ ತಯಾರಿಸಿ ಹೊಟ್ಟೆ ಹೊರೆಯುವವರ ಬಾಳಿನಲ್ಲಿ ಯಾವುದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮುಗಿಯಿತು ಅಂದುಕೊಂಡದ್ದು ಮತ್ತೆ ಎದ್ದು ನಡೆಯತೊಡಗುತ್ತದೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಕೇಳಿದವರು ನಗುತ್ತಾರೆ, ಅದು ಬೇರೆ ಮಾತು.

ಚಹಾದವರ ಮನೆ

ಜಹೀರಾಬಾದಿನಲ್ಲಿ ಶುಂಠಿ ಗೋದಾಮಿನ ಮೇಲೆ ಮೂರು ಕೋಣೆಗಳಿವೆ. ಅದೇ ನಮ್ಮ ಕಾರ್ಟೂನ್ ಸ್ಟುಡಿಯೋ. ಹೈದರಾಬಾದಿನ ಕಂಪನಿಯೊಂದು ಟಗರೊಂದನ್ನು ನಾಯಕನನ್ನಾಗಿ ಮಾಡಿ ಕಾರ್ಟೂನ್ ಸಿನಿಮಾ ತೆಗೆದಿತ್ತು. ಅದು ಚೆನ್ನಾಗಿ ಓಡಿತು. ಅದರ ಮುಂದಿನ ಭಾಗಗಳನ್ನು ಥಿಯೇಟರಿಗೆ ಬಿಡದೆ, ಅಗ್ಗದಲ್ಲಿ ಮಾಡಿಸಿ, ನೇರವಾಗಿ ಸಿಡಿಯಲ್ಲಿ ಮಾರಬೇಕೆಂದು ಕಂಪನಿಯವರಿಗೆ ಅನಿಸಿತು. ಆ ಅಗ್ಗದವರು ನಾವು. ಸಿಡಿ ಹೋಗಿ ಮೆಮೊರಿ ಕಾರ್ಡ್ ಬಂತು, ಅದೂ ಹೋಗಿ ಮೊಬೈಲ್ ಬಂತು. ಟಗರು ಮಾತ್ರ ಎಲ್ಲಿಗೂ ಹೋಗಲಿಲ್ಲ.

ನಾನು ಮೊದಲು ನಾರಾಯಣಖೇಡದಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವನು. ಇಲ್ಲಿ ಹಿನ್ನೆಲೆ ಬರೆಯಲು ಸೇರಿದೆ. ಗಿಡ, ಗೋಡೆ, ಗುಡ್ಡ, ಜನ. ಕಾರ್ಟೂನಿನಲ್ಲಿ ಬಾಯಿ ಬಿಡದವರೆಲ್ಲ ಹಿನ್ನೆಲೆಯೇ.

ಎರಡನೇ ಭಾಗದಲ್ಲಿ ಒಂದು ಸಂತೆ ಬೇಕಿತ್ತು. ಇಪ್ಪತ್ತು ಮುಖಗಳನ್ನು ತಲೆಯಿಂದ ಹುಟ್ಟಿಸುವುದು ಸಣ್ಣ ಮಾತಲ್ಲ. ಹಾಗಾಗಿ ಗುರುತಿನವರ ಫೋಟೋ ತೆಗೆದು, ಅವರನ್ನೇ ಸಾಲಾಗಿ ನಡೆಯುವಂತೆ ಬರೆದೆ. ಒಬ್ಬೊಬ್ಬರಿಗೆ ಹದಿನಾರು ಚಿತ್ರ. ಹದಿನಾರನೆಯದು ಮುಗಿದರೆ ಮತ್ತೆ ಒಂದನೆಯದು. ಹೀಗೆ ಎಷ್ಟು ಹೊತ್ತು ಬೇಕಾದರೂ ನಡೆಸಬಹುದು. ಕಣ್ಣು ಮಿಟುಕಿಸಬೇಕಾದರೆ ಇನ್ನಷ್ಟು ಚಿತ್ರ ಬೇಕು, ಅದಕ್ಕೆ ನಮ್ಮ ಸಂತೆಯಲ್ಲಿ ಯಾರೂ ರೆಪ್ಪೆ ಹೊಡೆಯುವುದಿಲ್ಲ. ಸಾಲಿನಲ್ಲಿ ಐದನೆಯವಳಾಗಿ ನನ್ನ ಅವ್ವನನ್ನೂ ನಿಲ್ಲಿಸಿದೆ. ಪ್ರೀತಿಯಿಂದಲೇ ನಿಲ್ಲಿಸಿದೆ ಎಂದು ಈಗ ಹೇಳಿದರೆ ಯಾರು ನಂಬಬೇಕು.

ಬಸ್ ಸ್ಟ್ಯಾಂಡಿನ ಚಹಾದವರೂ ಆ ಸಾಲಿನಲ್ಲಿದ್ದರು. ಸಿಡಿ ನೋಡಿ ಮರುದಿನ ಮೆಟ್ಟಿಲು ಹತ್ತಿ ಬಂದರು. ಮುಖ ಸಪ್ಪಗಿತ್ತು.

"ಪೇಂಟರ್ ಸಾಬ್, ನಾ ಎಡಕಿನಿಂದ ಬಲಕ್ಕ ಎಂಟ್ ಸಲ ಹೊಂಟೀನಿ. ಒಂದ್ ಸಲಾನೂ ವಾಪಸ್ ಬಂದಿಲ್ಲ. ಎಲ್ಲಿಗಿ ಹೊಂಟೀನ್ರಿ ನಾ?"

ಏನೋ ಒಂದು ಸಮಾಧಾನ ಹೇಳಬೇಕಲ್ಲ. "ಸಂತಿ ಮುಗಿಸಿ ಮನಿಗಿ ಹೊಂಟೀರಿ" ಅಂದೆ.

"ನಮ್ ಮನಿ ಎಡಕ್ಕ ಅದರಿ" ಅಂದರು.

ತಾಂಡೂರಿನ ಚೀಲ

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ತಾಂಡೂರಿನ ಹಿರಿಯರು. ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುತ್ತಿದ್ದವರು. ಎರಡನೇ ಭಾಗ ಬಂದು ಸ್ವಲ್ಪ ದಿನಕ್ಕೆ ತೀರಿಕೊಂಡರು. ನಮಗೆ ಸುದ್ದಿಯೇ ಇಲ್ಲ. ಮೂರನೇ ಭಾಗಕ್ಕೂ ಅದೇ ಸಂತೆಯನ್ನು ಎತ್ತಿ ಹಾಕಿದೆವು. ಹೊಸ ಊರು ಎಂದು ತೋರಲು ಗೋಡೆಗೆ ಮಾತ್ರ ನೀಲಿ ಬಣ್ಣ ಹಚ್ಚಿದ್ದೆ.

ಒಂದು ಮಧ್ಯಾಹ್ನ ಜೀಪು ಬಂದು ನಿಂತಿತು. ಆ ಹಿರಿಯರ ಇಬ್ಬರು ಗಟ್ಟಿಮುಟ್ಟಾದ ಮಕ್ಕಳು, ಜೊತೆಗೆ ಅವರ ವಯಸ್ಸಾದ ತಾಯಿ. ಅಪ್ಪ ತೀರಿಕೊಂಡದ್ದು ಅವರ ಬಾಯಿಂದಲೇ ತಿಳಿಯಿತು. ಸತ್ತವರನ್ನು ನಡೆಸಿದ್ದೀವಿ, ಇವತ್ತು ನಮ್ಮನ್ನು ಮಲಗಿಸಿ ಹೋಗುತ್ತಾರೆ ಅಂದುಕೊಂಡೆ. ಸ್ಟುಡಿಯೋ ಮಾಲೀಕರು ಒಳಕೋಣೆಗೆ ಹೋಗಿ ಫೋನಿನಲ್ಲಿ ಯಾರೊಂದಿಗೋ ಮಾತಾಡುವವರಂತೆ ನಿಂತುಬಿಟ್ಟರು.

"ಏನೂ ಅನ್ನಂಗಿಲ್ರಿ. ಅವ್ವ ಇನ್ನೊಮ್ಮಿ ನೋಡ್ತೀನಿ ಅಂದಳು" ಅಂದ ಹಿರಿಯ ಮಗ.

ದೊಡ್ಡ ಪರದೆಯ ಮೇಲೆ ಸಂತೆ ಹಾಕಿ ಕೊಟ್ಟೆ. ಅವರು ಬಂದರು, ಹೋದರು. ಮತ್ತೆ ಬಂದರು, ಹೋದರು. ರೆಪ್ಪೆ ಹೊಡೆಯದ ಆ ಕಣ್ಣು, ಸದ್ದಿಲ್ಲದ ಆ ಹೆಜ್ಜೆ. ಬರೆದವನು ನಾನೇ, ಆದರೂ ನನಗೇ ಮೈ ಜುಮ್ಮೆಂದಿತು. ಮಕ್ಕಳಿಬ್ಬರೂ ಅಳುತ್ತಿದ್ದರು. ಆ ತಾಯಿ ಮಾತ್ರ ಸೆರಗು ಬಾಯಿಗೆ ಹಿಡಿದು, ಗಂಡನ ಬಲಗೈಯನ್ನೇ ದಿಟ್ಟಿಸುತ್ತಿದ್ದಳು.

"ನಲವತ್ ವರ್ಷ ಸಂಸಾರ ಮಾಡೀನ್ರಿ. ಒಂದ್ ದಿನಾ ಸಂತಿ ಚೀಲ ಮುಟ್ಲಿಲ್ಲ. ಈಗ ನೋಡ್ರಿ, ಸತ್ತ ಮ್ಯಾಲ ಎಷ್ಟ್ ಚೆಂದ ಹೊತ್ಕೊಂಡ್ ಹೊಂಟಾನ!"

ಹದಿನೇಳನೆಯ ಚಿತ್ರ

ನಾಲ್ಕನೇ ಭಾಗದ ಹೊತ್ತಿಗೆ ಸಾಲಿನ ಎರಡನೆಯವಳು, ಪೆದ್ದೆಮುಲ್ ಕಡೆಯ ಬಳೆಗಾರ್ತಿ ಮುದುಕಿಯೂ ಹೋಗಿದ್ದಳು. ಮೂರನೆಯವರು ರಿಟೈರಾದ ಬಸ್ ಕಂಡಕ್ಟರು. ಅವರೂ ಹೋಗಿದ್ದರು. ಎಲ್ಲರೂ ವಯಸ್ಸಾದವರೇ. ನಾನು ಆಗ ಏನನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಟಮಟ ಮಧ್ಯಾಹ್ನ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಬ್ಯಾಟರಿಯ ಮೇಲೆ ಒಂದೇ ಕಂಪ್ಯೂಟರ್ ಓಡುತ್ತಿತ್ತು, ಅದರಲ್ಲಿ ಸಂತೆ. ಅದನ್ನು ನೋಡುತ್ತಿದ್ದ ಅನಿಮೇಟರ್ ಹುಡುಗಿ ಕುರ್ಚಿ ಹಿಂದಕ್ಕೆ ಸರಿಸಿದಳು.

"ಅಣ್ಣಾ, ಕಂಡಕ್ಟರ್ ನಮ್ ಕಡಿ ನೋಡಿದ್ರು."

ನಮ್ಮ ಸಂತೆಯಲ್ಲಿ ಎಲ್ಲರೂ ಮುಂದೆಯೇ ನೋಡುತ್ತಾರೆ. ನೋಡಿದರೆ, ಹದಿನಾರು ಚಿತ್ರ ಇರಬೇಕಾದಲ್ಲಿ ಹದಿನೇಳು ಇವೆ. ಹೆಚ್ಚಿನದರಲ್ಲಿ ಕಂಡಕ್ಟರು ಕತ್ತು ತಿರುಗಿಸಿದ್ದಾರೆ. ಟಿಕೆಟ್ ತೆಗೆದುಕೊಂಡಿರಾ ಎಂದು ಕೇಳುವವರ ಮುಖ. ನಾನು ಬರೆದಿರಲಿಲ್ಲ. ಅವಳೂ ಬರೆದಿರಲಿಲ್ಲ. ಬಣ್ಣ ತುಂಬುವವರು ತಾಯಿಯ ಆಣೆ ಮಾಡಿದರು. ಯಾರ ಕೈ ಎಂದು ಇವತ್ತಿಗೂ ಗೊತ್ತಿಲ್ಲ.

ನಾವು ಮೂವರೂ ಬೆವರುತ್ತಾ ಮಾಲೀಕರ ಕಡೆ ಹೋದೆವು. ಅವರು ಚಿತ್ರವನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು.

"ಕೈ ಭಾರಿ ಅದ. ಯಾರರ ಬರೀಲಿ, ಒಂದ್ ಚಿತ್ರ ಪುಕ್ಕಟೆ ಬಂದದ. ಇಟ್ಕೊಳ್ರಿ."

ಛತ್ರಿಯವರು

ಗುಟ್ಟು ಒಡೆದವರು ಆ ಚಹಾದವರೇ. ಅಂಗಡಿಯಲ್ಲಿ ಮೊಬೈಲ್ ಒರಗಿಸಿಟ್ಟುಕೊಂಡು ದಿನವೂ ತಮ್ಮನ್ನು ತಾವು ನೋಡುತ್ತಿದ್ದರಲ್ಲ, ಒಂದು ದಿನ ಗಿರಾಕಿಗಳ ಎದುರಿಗೆ ಹೇಳಿಬಿಟ್ಟರು: "ಮುಂದಿದ್ದಾವ ಮೊದ್ಲ ಹೋದ. ಎರಡನೇದಾಕಿ ಎರಡನೇಕ ಹೋದಳು. ಮೂರನೇದಾವ ಮೂರನೇಕ. ಸಾಲಿನ ಪ್ರಕಾರ ಹೊಂಟಾರ."

ನಾಲ್ಕನೆಯವರು ಝರಾಸಂಗಂ ಕಡೆಯ ಕುರಿ ವ್ಯಾಪಾರಿ, ಛತ್ರಿ ಹಿಡಿದು ನಡೆಯುವವರು. ಐದನೆಯವಳು ನನ್ನ ಅವ್ವ.

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ನಂಬದೆಯೇ ಆ ಸಂಜೆ ನಾರಾಯಣಖೇಡದಲ್ಲಿರುವ ಅವ್ವನಿಗೆ ಮೂರು ಸಲ ಫೋನ್ ಮಾಡಿದೆ. ಛತ್ರಿಯವರು ಗಟ್ಟಿಯಾಗಿರುವ ತನಕ ಅವ್ವನಿಗೆ ಏನೂ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಂಥ ಸಮಾಧಾನ ಮಾಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಮರುದಿನ ಛತ್ರಿಯವರು ಬಂದು ಮೇಜು ಗುದ್ದಿದರು. "ನನ್ನ ತೆಗೀರಿ. ಈಗಿಂದೀಗ ತೆಗೀರಿ."

"ನಿಮ್ಮನ್ನ ತೆಗೆದ್ರ ಮುಂದಿಂದು ನಮ್ಮ ಅವ್ವಂದೇ ಪಾಳಿ ಬರ್ತದಲ್ರಿ" ಎಂಬುದು ನನ್ನ ಬಾಯಿ ತುದಿಗೆ ಬಂದಿತ್ತು. ಹೇಗೆ ಹೇಳುವುದು? ಸುಮ್ಮನೆ ತೆಗೆದೆ. ಅವಸರದಲ್ಲಿ ಒಂದು ತಪ್ಪು ಮಾಡಿದೆ. ನಮ್ಮ ಕೆಲಸದಲ್ಲಿ ಮನುಷ್ಯ ಒಂದು ಪದರ, ಅವನ ನೆರಳು ಇನ್ನೊಂದು ಪದರ. ನಾನು ಮನುಷ್ಯನನ್ನು ಮಾತ್ರ ಅಳಿಸಿದೆ.

ಐದನೇ ಭಾಗ ಬಂತು. ಸುಡುಬಿಸಿಲಿನ ಸಂತೆ. ಮೂವರು ಸತ್ತವರು ಹೋದರು, ಅವರ ಹಿಂದೆ ಛತ್ರಿ ಹಿಡಿದ ಒಂದು ನೆರಳು, ಆಳಿಲ್ಲದೆ, ತನ್ನ ಪಾಡಿಗೆ ತಾನು ನಡೆದುಹೋಯಿತು. ಅದರ ಹಿಂದೆ ಅವ್ವ.

ಅದನ್ನು ನೋಡಿದ ಛತ್ರಿಯವರು ಹಾಸಿಗೆ ಹಿಡಿದರು ಎಂದು ಕೇಳಿ ಮತ್ತೆ ಅವ್ವನಿಗೆ ಫೋನ್ ಮಾಡಿದೆ. ಮೂರು ದಿನ ಬಿಟ್ಟು ಅವರ ಹೆಂಡತಿ ಬಂದಳು.

"ಜ್ವರ ಬಿಟ್ಟದ್ರಿ. ಆದ್ರ ಬಿಸಲಾಗ ಕಾಲಿಡಾಕ ಒಲ್ಲ ಅಂತಾನ. ನೆರಳು ಒಂದ ಮುಂದ ಹೋಗಿ ತಾನು ಹಿಂದ ಉಳದ್ರ ಅಂತ ಅಂಜ್ಯಾನ. ಕುರಿ ಕಾಯೋರು ಯಾರ್ರಿ? ಒಂದೋ ಆತನ ನೆರಳಿನ ಮ್ಯಾಲ ಆತನ್ನ ತಂದ್ ಕೂಡಸ್ರಿ, ಇಲ್ಲಾ ನೀವ ಬಂದ್ ಕುರಿ ಕಾಯ್ರಿ."

ಕುಂತ ಸಂತೆ

ಛತ್ರಿಯವರನ್ನು ಮತ್ತೆ ಕೂಡಿಸಬೇಕಾಯಿತು. ಆದರೆ ಅವರು ಹಳೆಯ ಜಾಗಕ್ಕೆ ಒಪ್ಪಲಿಲ್ಲ, ಸಾಲಿನ ಕೊನೆಗೆ ಹಾಕಿ ಎಂದರು. ಅದು ಊರಿಗೆಲ್ಲ ತಿಳಿಯಿತು. ಸಾಲಿನಲ್ಲಿ ಬದುಕಿದ್ದವರೆಲ್ಲ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದರು. ಯಾರೂ ತೆಗೆಯಿರಿ ಅನ್ನಲಿಲ್ಲ. ನೆರಳಿನ ಸುದ್ದಿ ಕೇಳಿದ್ದರು. ಎಲ್ಲರಿಗೂ ಕಡೆಯ ಜಾಗವೇ ಬೇಕು. ಒಬ್ಬರು ಶುಂಠಿ ತಂದರು, ಒಬ್ಬರು ಆಲೂಗಡ್ಡೆ ತಂದರು. ಬಸ್ಸಿನಲ್ಲಿ ಮುಂದಿನ ಸೀಟಿಗೆ ಟವೆಲ್ ಹಾಕಿ ಜಗಳಾಡುವ ಜನ ಇವರೇ.

ಹೊಸ ಮುಖ ಬರೆಯೋಣ ಎಂದರೆ ಒಬ್ಬೊಬ್ಬರಿಗೆ ಹದಿನಾರು ಚಿತ್ರ. ಮಾಲೀಕರು ಸುತರಾಂ ಒಪ್ಪಲಿಲ್ಲ. ಕೊನೆಗೆ ನಾನೇ ಒಂದು ಉಪಾಯ ಹೇಳಿದೆ. ಎಲ್ಲರನ್ನೂ ಕೂರಿಸಿಬಿಡೋಣ. ನಡೆದರೆ ತಾನೆ ಹಿಂದು ಮುಂದು? ಕುಳಿತವರಿಗೆ ಒಂದೊಂದೇ ಚಿತ್ರ ಸಾಕು. ಮಾಲೀಕರ ಮುಖ ಅರಳಿತು.

ಆರನೇ ಭಾಗದಲ್ಲಿ ಟಗರು ಓಡೋಡಿ ಸಂತೆಗೆ ಬರುತ್ತದೆ. ಅಲ್ಲಿ ಇಪ್ಪತ್ತು ಜನ, ಸತ್ತವರು ಬದುಕಿದವರು ಒಟ್ಟಿಗೆ, ಮಾತಿಲ್ಲದೆ, ರೆಪ್ಪೆ ಹೊಡೆಯದೆ, ನೆಲದ ಮೇಲೆ ಕುಳಿತು ಎದುರು ನೋಡುತ್ತಿದ್ದಾರೆ. ಕೊಳ್ಳುವವರಿಲ್ಲ, ಮಾರುವವರಿಲ್ಲ. ಎಷ್ಟೋ ಮಕ್ಕಳು ಅಲ್ಲಿಗೆ ಮೊಬೈಲ್ ಬೋರಲು ಹಾಕಿದರಂತೆ. ಆ ಭಾಗ ಬಂದ ಮೇಲೆ ನಮ್ಮ ಸಾಲಿನಲ್ಲಿ ಒಬ್ಬರೂ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಅದರಿಂದ ನಂಬಿಕೆ ಇನ್ನೂ ಗಟ್ಟಿಯಾಯಿತು. ನನಗೂ.

ಹೈದರಾಬಾದಿನಿಂದ ಫೋನ್ ಬಂತು. ಸಂತೆಯಲ್ಲಿ ಜನ ಯಾಕೆ ಹೆಣ ಕಾಯುವವರಂತೆ ಕುಳಿತಿದ್ದಾರೆ, ಯಾಕೆ ಒಬ್ಬರೂ ನಡೆಯುತ್ತಿಲ್ಲ ಎಂದು ಕೂಗಾಡಿದರು. ಮಾಲೀಕರು ಬಹಳ ವಿನಯದಿಂದ ಹೇಳಿದರು:

"ಸಾರ್, ನಮ್ ಕಡಿ ಯಾರೂ ಮುಂದ ಹೋಗಾಕ ತಯಾರಿಲ್ರಿ."

ಅವ್ವನ ಅಂಜಿಕೆ

ಏಳನೇ ಭಾಗದಲ್ಲಿ ಸಂತೆ ನಡೆಯಲೇಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಎಂದು ಕಂಪನಿ ಖಡಾಖಂಡಿತವಾಗಿ ಹೇಳಿತು. ಹಳೆಯ ಸಾಲನ್ನೇ ತೆಗೆದೆ. ಮುಂದೆ ಮೂವರು ಹೋದವರು. ಛತ್ರಿಯವರು ಹಿಂದಕ್ಕೆ ಸರಿದಿದ್ದರಿಂದ, ಆ ಮೂವರ ಬೆನ್ನಿಗೇ ಅವ್ವ.

ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಕೆಳಗಿನ ಗೋದಾಮಿನಿಂದ ಶುಂಠಿಯ ಘಾಟು ಬರುತ್ತಿತ್ತು. ಪರದೆಯ ಮೇಲೆ ಅವ್ವ ತಲೆಗೆ ಸೆರಗು ಹೊದ್ದು, ಆ ಮೂವರ ಹಿಂದೆ ಹದಿನಾರು ಹೆಜ್ಜೆ ನಡೆದಳು. ಮತ್ತೆ ಹದಿನಾರು. ನಾನು ನೋಡಲಾರದೆ ಅವಳನ್ನು ಎತ್ತಿ ಎಲ್ಲರಿಗಿಂತ ಹಿಂದೆ, ಛತ್ರಿಯವರ ಆಚೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಅವಳ ಜಾಗಕ್ಕೆ ಆರನೆಯವಳು ಜರುಗಿದಳು. ಅವಳು ನಾರಾಯಣಖೇಡದಲ್ಲಿ ನಮ್ಮ ಎದುರುಮನೆಯ ಮುದುಕಿ. ಚಿಕ್ಕವನಿದ್ದಾಗ ನನಗೆ ಎಷ್ಟೋ ಸಲ ರೊಟ್ಟಿ ಕೊಟ್ಟವಳು. ಅವಳನ್ನು ಮುಂದೆ ತಳ್ಳಿ ನನ್ನ ತಾಯಿಯನ್ನು ಹಿಂದೆ ಬಚ್ಚಿಟ್ಟೆ. ಇಂಥ ಕೆಲಸ ಮಾಡುವಾಗ ಮನುಷ್ಯ ತನ್ನ ಬೆರಳನ್ನು ತಾನೇ ನೋಡುವುದಿಲ್ಲ.

ಏಳನೇ ಭಾಗ ಮೊಬೈಲಿಗೆ ಬಂದ ವಾರದೊಳಗೆ, ಅವ್ವ ಬೆಳಗಿನ ಬಸ್ಸು ಹಿಡಿದು ಬಂದಿಳಿದಳು. ಬಸ್ ಸ್ಟ್ಯಾಂಡಿನಲ್ಲಿ ಚಹಾದವರು ಎಲ್ಲ ಹೇಳಿ ಕಳಿಸಿದ್ದರು. ಮೆಟ್ಟಿಲು ಹತ್ತಿದವಳು ಏದುಸಿರು ಬಿಡುತ್ತಾ, ರೊಟ್ಟಿ ಗಂಟನ್ನು ಮೇಜಿನ ಮೇಲೆ ಕುಕ್ಕಿದಳು.

"ನನ್ನ ಜಾಗಾ ಯಾಕ ಬದಲ್ ಮಾಡ್ದಿ?"

"ಅವ್ವಾ, ಮುಂದಿದ್ದವರು ಏನಾದ್ರು ಅಂತ ನಿನಗ ಗೊತ್ತದಲ್ಲ."

"ಗೊತ್ತದ. ನನ್ನ ಜಾಗಾ ನನಗ ಕೊಡು."

"ಮೊಬೈಲಿಗಿ ಹೋಗ್ಯಾದ. ಈಗ ಆಗಂಗಿಲ್ಲ."

"ಎಂಟನೇದು ಮಾಡ್ತೀರಲ್ಲ, ಅದ್ರಾಗ ಕೊಡು. ಆಕಿ ಮುಂದ, ನಾ ಹಿಂದ, ಇದು ನಡ್ಯಂಗಿಲ್ಲ."

ಎದುರುಮನೆಯವಳನ್ನು ಮುಂದೆ ತಳ್ಳಿದ್ದಕ್ಕೆ ಅವ್ವನಿಗೆ ಸಂಕಟವಾಗಿದೆ ಅಂದುಕೊಂಡೆ. ಎಂಥ ದೊಡ್ಡ ಮನಸ್ಸು ಎಂದು ನನ್ನ ಕಣ್ಣು ತುಂಬಿತು. ಅವಳ ಕೈ ಹಿಡಿದೆ. "ಅವ್ವಾ, ಅಪ್ಪನೂ ಇಲ್ಲ, ನೀ ಹೋದ್ರ ನನಗ ಯಾರಿದ್ದಾರ? ಖರೇ ಹೇಳು, ನಿನಗ ಒಂಚೂರೂ ಅಂಜಿಕಿ ಇಲ್ಲೇನು?"

"ಅಂಜಿಕಿ ಯಾಕಿಲ್ಲ? ಅಂಜಿಕಿ ಅದ ಅಂತನ ಬಸ್ ಹತ್ತಿ ಬಂದೀನಿ" ಅಂದಳು ಅವ್ವ. ಕೈ ಬಿಡಿಸಿಕೊಂಡು, ಪರದೆಯ ಮೇಲಿನ ಎದುರುಮನೆಯವಳ ಬೆನ್ನಿಗೆ ಬೆರಳು ತೋರಿಸಿದಳು. "ಆಕಿ ನನಗಿಂತ ಮೊದ್ಲ ಹೋಗಿ, ನಿಮ್ಮಪ್ಪನ ಮುಂದ ಕುಂತು, ಇಷ್ಟ್ ವರ್ಷ ನಾ ಏನೇನ್ ಮಾಡ್ದೆ ಅಂತ ಎಲ್ಲಾ ತನಗ ಬೇಕಾದಂಗ ಹೇಳಿಬಿಟ್ರ? ನಾ ಹೋಗಿ ಮುಟ್ಟೋದ್ರಾಗ ಆತ ನನ್ನ ಕೂಡ ಮಾತ ಬಿಟ್ಟಿರ್ತಾನ!"