ಕಾರಿನ ನೀರಿಳಿಸಲು ಹೋಗಿ

ಗ್ಯಾರೇಜಿನವರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬಾನೆಟ್ ಎತ್ತುವುದು, ಒಳಗೆ ಇಣುಕುವುದು, ಸತ್ತವರ ಮನೆಗೆ ಬಂದವರ ಹಾಗೆ ತಲೆಯಾಡಿಸುವುದು! ಇದನ್ನು ಬಿಟ್ಟರೆ ಅವರು ಬೇರೇನು ಮಾಡುತ್ತಾರೋ ನನಗಂತೂ ತಿಳಿಯದು. ನಾಲ್ಕು ಬೋಲ್ಟು ಬಿಚ್ಚಿ ನಾಲ್ಕು ಬೋಲ್ಟು ಬಿಗಿಯಲು ಅದೇನು ಬ್ರಹ್ಮವಿದ್ಯೆ ಬೇಕೆ? ಆದ್ದರಿಂದ ಮೊನ್ನೆ ನಮ್ಮ ಕಾರಿನ ಅಡಿಯಲ್ಲಿ ಎಂಜಿನ್ ತಂಪಾಗಿಡುವ ಹಸಿರು ನೀರು ತೊಟ್ಟಿಕ್ಕತೊಡಗಿದಾಗ, ಎಂಜಿನ್ನಿನೊಳಗೆ ಏನೋ ಕಿರ್ ಕಿರ್ ಎಂದು ಗೋಳಾಡತೊಡಗಿದಾಗ, ನಾನು ಎದೆಯುಬ್ಬಿಸಿ ಘೋಷಿಸಿಬಿಟ್ಟೆ.

"ವಾಟರ್ ಪಂಪ್ ಹೋಗಿದೆ. ಹೊಸದು ತರ್ತೀನಿ. ನಾನೇ ಹಾಕ್ತೀನಿ!"

ಹೆಂಡತಿ ಬರೆಯುತ್ತಿದ್ದ ಹಾಳೆಯಿಂದ ತಲೆ ಎತ್ತಲಿಲ್ಲ.

"ಎಲ್ಲಿ?"

"ಎಲ್ಲಿ ಅಂದ್ರೆ? ನಮ್ಮನೇಲೇ!"

"ಹೋದ ಸಲ ಮುಂಬಾಗಿಲ ಚಿಲಕ ಸರಿಮಾಡಿದ್ದೂ ನಮ್ಮನೇಲೇ. ಅವತ್ತಿಂದ ನಾವೆಲ್ಲ ಹಿತ್ತಲ ಬಾಗಿಲಲ್ಲಿ ಓಡಾಡ್ತಿದೀವಿ."

"ಚಿಲಕ ಬೇರೆ, ಎಂಜಿನ್ ಬೇರೆ ಕಣೇ!"

"ಅದೇ ನನ್ನ ಭಯ. ನೋಡ್ರೀ, ಸೋಮವಾರ ನಾನು ಹೊಸ ಸ್ಕೂಲಿಗೆ ಹೆಡ್‌ಮಿಸ್ಟ್ರೆಸ್ ಆಗಿ ಹೋಗ್ಬೇಕು. ಆ ಕಡೆ ಬಸ್ಸಿಲ್ಲ. ಬೆಳಿಗ್ಗೆ ಮಕ್ಕಳನ್ನ ಸಾಲಾಗಿ ನಿಲ್ಲಿಸ್ಕೊಂಡು ಕಾಯ್ತಿರ್ತಾರೆ. ನನಗೆ ಕಾರು ಬೇಕು. ಕಾರಂದ್ರೆ ಓಡೋ ಕಾರು!"

ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳಬೇಕು. ಮಿಕ್ಸಿ, ಫ್ಯಾನು ತಯಾರಿಸುವ ಒಂದು ಕಂಪನಿಯ ದೂರು ವಿಭಾಗದಲ್ಲಿ ನಾನು ಅಧಿಕಾರಿ. ಕೆಟ್ಟ ಮಿಕ್ಸಿಯನ್ನು ಮನೆಯಲ್ಲೇ ಬಿಚ್ಚಿ, ಬಿಡಿಭಾಗಗಳನ್ನು ಚೀಲದಲ್ಲಿ ತುಂಬಿಕೊಂಡು ಬರುವ ಗಿರಾಕಿಗಳಿಗೆ "ಯಾರ್ರೀ ನಿಮಗೆ ಬಿಚ್ಚೋಕೆ ಹೇಳಿದ್ದು?" ಎಂದು ಗದರಿಸುವುದಕ್ಕೇ ನನಗೆ ಸಂಬಳ. ಆದರೆ ಅವರು ಪಾಮರರು. ನಾನು ವಿಡಿಯೋ ನೋಡಿದವನು! ಆ ವಿಡಿಯೋದ ಮನುಷ್ಯ ಬಿಳಿ ಅಂಗಿ ತೊಟ್ಟು, ಶಿಳ್ಳೆ ಹಾಕುತ್ತ, ತರಕಾರಿ ಹೆಚ್ಚಿದಷ್ಟು ಸಲೀಸಾಗಿ ಪಂಪ್ ಬದಲಿಸಿದ್ದ. ಅಂಗಿಗೆ ಒಂದು ಚುಕ್ಕೆ ಮಸಿ ಕೂಡ ಆಗಿರಲಿಲ್ಲ. ನಾನೂ ಬಿಳಿ ಅಂಗಿಯನ್ನೇ ತೊಟ್ಟೆ.

ಶನಿವಾರ ಬೆಳಿಗ್ಗೆ ಶೆಡ್ಡಿನಲ್ಲಿ ನಾನು ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸುತ್ತಿದ್ದಾಗ ನಮ್ಮ ಅತ್ತೆ ಕುರ್ಚಿ ಎಳೆದುಕೊಂಡು ಬಂದರು. ಹೆಂಡತಿಯ ತಾಯಿ, ನಮ್ಮ ಜೊತೆಯಲ್ಲೇ ಇರುವವರು. ಕುರ್ಚಿಯನ್ನು ಶೆಡ್ಡಿನ ಬಾಗಿಲಿಗೆ ಹಾಕಿ, ಕನ್ನಡಕ ಒರೆಸಿಕೊಂಡು ಕೂತರು.

"ಯಾಕತ್ತೆ, ಒಳಗೆ ಟಿವಿ ಇಲ್ವಾ?"

"ಇದೆ ಅಳಿಯಂದ್ರೇ. ಅದರಲ್ಲಿ ಇಷ್ಟು ಚೆನ್ನಾಗಿರೋದು ಬರಲ್ಲ."

ಪ್ರೇಕ್ಷಕರಿಲ್ಲದ ಪರಾಕ್ರಮಕ್ಕೆ ಬೆಲೆಯೆಲ್ಲಿ? ನಾನು ಅವರತ್ತ ಒಂದು ತಾತ್ಸಾರದ ನಗೆ ಬೀರಿ ಕಾರಿನಡಿಗೆ ತೂರಿಕೊಂಡೆ.

ಮೊದಲ ಕೆಲಸ, ರೇಡಿಯೇಟರಿನ ನೀರಿಳಿಸುವುದು. ಕೆಳಗಿನ ರಬ್ಬರ್ ಪೈಪನ್ನು ನಿಧಾನವಾಗಿ ಸಡಿಲಿಸಿ ಬಕೆಟ್ಟಿಗೆ ಬಿಡಬೇಕೆಂದು ವಿಡಿಯೋದವನು ಹೇಳಿದ್ದ. ನಿಧಾನ ಎನ್ನುವುದು ಕೈಲಾಗದವರ ಮಾತು. ನಾನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಪೈಪು ಬಂತು. ಪೈಪಿನ ಹಿಂದೆಯೇ ರೇಡಿಯೇಟರಿನಲ್ಲಿದ್ದಷ್ಟೂ ಹಸಿರು ನೀರು ಬಂತು. ಬಕೆಟ್ಟಿಗಲ್ಲ, ನನ್ನ ಮುಖಕ್ಕೆ! ಕಾರಿನ ನೀರಿಳಿಸಲು ಹೋದವನ ನೀರನ್ನೇ ಕಾರು ಇಳಿಸಿತ್ತು.

ನನ್ನ ಕೂಗಿಗೆ ಹೆಂಡತಿ ಓಡಿಬಂದಳು.

"ರೀ, ಅದು ವಿಷ! ಬಾಯಿ ಮುಚ್ಕೊಳ್ರೀ!"

ಮದುವೆಯಾದಂದಿನಿಂದ ಹೇಳುತ್ತ ಬಂದ ಮಾತನ್ನು ಅವಳು ಮೊದಲ ಬಾರಿಗೆ ಆರೋಗ್ಯದ ದೃಷ್ಟಿಯಿಂದ ಹೇಳಿದ್ದಳು.

ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದರು. "ಅಳಿಯಂದ್ರಿಗೆ ಹಸಿರು ಬಣ್ಣ ಒಪ್ಪುತ್ತೆ ಕಣೇ."

ಮುಖ ತೊಳೆದು, ಅಂಗಿ ಬದಲಿಸಿ, ಮತ್ತೆ ರಣರಂಗಕ್ಕಿಳಿದೆ. ಪಂಪನ್ನು ತಿರುಗಿಸುವ ಬೆಲ್ಟು ಸುಲಭವಾಗಿ ಕಳಚಿತು. ಪಂಪಿನ ಬೋಲ್ಟುಗಳು ಮಾತ್ರ ಹಟಮಾರಿಗಳು. ಅದರಲ್ಲೂ ಮೂಲೆಯ ಒಂದು ಬೋಲ್ಟು ನನ್ನನ್ನು ನೋಡಿ ನಗುತ್ತಿದೆಯೇನೋ ಅನ್ನಿಸುವಷ್ಟು ಗಟ್ಟಿಯಾಗಿ ಕೂತಿತ್ತು. ಸ್ಪ್ಯಾನರಿಗೆ ಜೋತುಬಿದ್ದೆ. ಕಾಲನ್ನು ಬಂಪರಿಗೆ ಒತ್ತಿ, ಕಣ್ಣು ಮುಚ್ಚಿ ಎಳೆದೆ. ಸ್ಪ್ಯಾನರು ಕೈಬಿಟ್ಟು ಹಾರಿತು. ಎಲ್ಲೋ ಫಳಾರೆಂದಿತು.

"ಆ ದೀಪಾನೂ ಬದಲಿಸ್ಬೇಕಿತ್ತಾ ಅಳಿಯಂದ್ರೇ?" ಅತ್ತೆ ಕೇಳಿದರು.

ಹೆಡ್‌ಲೈಟಿನ ಗಾಜು ನೆಲದ ಮೇಲೆ ಹರಡಿಕೊಂಡಿತ್ತು.

"ಹಳೇದಾಗಿತ್ತು ಅತ್ತೆ," ಎಂದೆ ಗಂಭೀರವಾಗಿ. "ಹಗಲು ಹೊತ್ತು ಓಡಿಸೋಕೆ ಅದ್ಯಾಕೆ?"

ಎರಡನೇ ಎಳೆತಕ್ಕೆ ಬೋಲ್ಟು ಶರಣಾಯಿತು. ಶರಣಾಯಿತು ಎಂದರೆ ತಲೆಯನ್ನಷ್ಟೇ ಒಪ್ಪಿಸಿತು, ಮುಂಡವನ್ನು ಎಂಜಿನ್ನಿನಲ್ಲೇ ಉಳಿಸಿಕೊಂಡಿತು! ಕೈಯಲ್ಲಿದ್ದ ಆ ತಲೆಯನ್ನು ನೋಡಿ ನನ್ನ ತಲೆ ಒಂದು ಗಳಿಗೆ ಬಿಸಿಯಾಯಿತು. ಆಮೇಲೆ ಸಮಾಧಾನ ತಂದುಕೊಂಡೆ. ಇಷ್ಟು ದೊಡ್ಡ ಎಂಜಿನ್ನಿಗೆ ಒಂದು ಪುಟಗೋಸಿ ಬೋಲ್ಟು ಲೆಕ್ಕವೇ?

ಅಂತೂ ಹಳೇ ಪಂಪು ಹೊರಬಂತು. ಅದು ಕೂತಿದ್ದ ಜಾಗದಲ್ಲಿ ನೀರು ಸೋರದಂತೆ ಒಂದು ತೆಳ್ಳನೆಯ ಕಾಗದದಂಥದ್ದು ಅಂಟಿಕೊಂಡಿರುತ್ತದೆ, ಅದಕ್ಕೆ ಗ್ಯಾಸ್ಕೆಟ್ ಎನ್ನುತ್ತಾರೆ. ವಿಡಿಯೋದವನು ಹಳೆಯದನ್ನು ಕೆರೆದು ಕೆರೆದು ತೆಗೆದ. ಒಂದು ಚೂರೂ ಉಳಿಯಬಾರದಂತೆ! ಅವನ ಪೆದ್ದುತನಕ್ಕೆ ನನಗೆ ನಗು ಬಂತು. ಒಂದು ಗ್ಯಾಸ್ಕೆಟ್ ಇದ್ದರೇ ನೀರು ಸೋರುವುದಿಲ್ಲವೆಂದ ಮೇಲೆ, ಎರಡಿದ್ದರೆ? ಹಳೆಯದರ ಮೇಲೆಯೇ ಹೊಸದನ್ನಿಟ್ಟೆ. ಅದರ ಮೇಲೆ ಟ್ಯೂಬಿನಲ್ಲಿ ಬರುವ ಕಪ್ಪು ಗಮ್ಮನ್ನು ಧಾರಾಳವಾಗಿ ಮೆತ್ತಿದೆ. ತಲೆ ಹಾರಿದ ಬೋಲ್ಟಿನ ಜಾಗಕ್ಕಂತೂ ಇನ್ನೂ ಧಾರಾಳ. ಹೊಸ ಪಂಪನ್ನು ಕೂರಿಸಿ, ಸಿಕ್ಕ ಬೋಲ್ಟನ್ನು ಸಿಕ್ಕ ತೂತಿಗೆ ತಿರುಗಿಸಿ, ಒಂದು ಹೆಜ್ಜೆ ಹಿಂದೆ ನಿಂತು ನೋಡಿದೆ. ಆಹಾ! ಜಂಬದಿಂದ ಮೀಸೆ ತಿರುವಿದೆ.

ಕೈ ಮೀಸೆಯಿಂದ ಕೆಳಗೆ ಬರಲಿಲ್ಲ.

"ಸಾಕು ಬನ್ನಿ, ಎಷ್ಟೊತ್ತು ಮೀಸೆ ತಿರುವ್ತೀರಿ?" ಎಂದಳು ಹೆಂಡತಿ.

"ಅಂಟ್ಕೊಂಡಿದೆ ಕಣೇ!"

"ಏನು?"

"ಕೈ! ಮೀಸೆಗೆ! ಎಳೀಬೇಡ, ಅಯ್ಯಯ್ಯೋ!"

ಕತ್ತರಿ ಬಂತು. ಅತ್ತೆ ನನ್ನ ಗಲ್ಲ ಹಿಡಿದರು, ಹೆಂಡತಿ ಕತ್ತರಿಸಿದಳು. ಎಡಗಡೆಯದು ಹೋದ ಮೇಲೆ ಬಲಗಡೆಯದನ್ನು ಇಟ್ಟುಕೊಂಡು ಏನು ಮಾಡುವುದು? ಕಾಲೇಜಿನ ದಿನಗಳಿಂದ ಸಾಕಿ ಬೆಳೆಸಿದ್ದ ಮೀಸೆ ಆ ದಿನ ಶೆಡ್ಡಿನ ನೆಲದ ಪಾಲಾಯಿತು.

ಭಾನುವಾರ ಉಳಿದದ್ದನ್ನೆಲ್ಲ ಜೋಡಿಸಿದೆ. ಬೆಲ್ಟು ಎಂಜಿನ್ನಿನ ಯಾವ ಚಕ್ರದ ಮೇಲೆ ಹಾದು ಯಾವುದರ ಕೆಳಗೆ ಬರಬೇಕೆಂಬುದು ಮರೆತುಹೋಗಿತ್ತು. ಎಲ್ಲ ಚಕ್ರಗಳನ್ನೂ ಮುಟ್ಟಿಕೊಂಡು ಹೋಗುವ ಹಾಗೆ ಒಂದು ದಾರಿ ನಾನೇ ಮಾಡಿಕೊಟ್ಟೆ. ಎಲ್ಲ ಮುಗಿದ ಮೇಲೆ ಅತ್ತೆ ನೆಲದಿಂದ ಏನನ್ನೋ ಆಯ್ದು ಅಂಗೈ ಚಾಚಿದರು. ಒಂದಷ್ಟು ಬೋಲ್ಟು, ವಾಷರು.

"ಇವೆಲ್ಲ ಎಲ್ಲಿಯವು?"

"ಕಂಪನಿಯವರು ಜಾಸ್ತಿ ಹಾಕಿರ್ತಾರೆ ಅತ್ತೆ."

"ಒಂದೊಂದು ಕಡೆ ಜಾಸ್ತಿ ಹಾಕ್ತಾರೆ, ಒಂದೊಂದು ಕಡೆ ಹಾಕೋದನ್ನೇ ಮರೀತಾರೆ," ಎಂದು ಅತ್ತೆ ನನ್ನ ಹಣೆಯನ್ನೇ ನೋಡುತ್ತ ಒಳಗೆ ಹೋದರು.

ನೋಡಿಕೊಳ್ಳಲಿ! ರೇಡಿಯೇಟರಿಗೆ ನೀರು ತುಂಬಿ ಕೀ ತಿರುಗಿಸಿದೆ. ಎಂಜಿನ್ ಗುರ್ ಎಂದಿತು. ಕಾರಿನಡಿಗೆ ಬಗ್ಗಿ ನೋಡಿದೆ. ಒಂದು ಹನಿ ಇಲ್ಲ! ಹೆಂಡತಿಯೂ ಬಗ್ಗಿ ನೋಡಿದಳು. ನಿಧಾನವಾಗಿ ಎದ್ದು ನಿಂತು, "ಪರವಾಗಿಲ್ಲ ಕಣ್ರೀ. ನಾನೇ ಸುಮ್ಮನೆ ಹೆದರ್ಕೊಂಡಿದ್ದೆ," ಎಂದಳು. ಅವಳ ಬಾಯಿಂದ ಅಂಥ ಮಾತು! ಆ ಸಂಜೆ ಪಕ್ಕದ ಮನೆಯವರನ್ನು ಕಾಂಪೌಂಡಿನ ಬಳಿಗೆ ಕರೆದು, ಗ್ಯಾರೇಜಿನವರು ಹೇಗೆ ಜನರನ್ನು ಮಂಗ ಮಾಡುತ್ತಾರೆಂದು ದೀರ್ಘವಾಗಿ ವಿವರಿಸಿದೆ.

ಸೋಮವಾರ ಬೆಳಿಗ್ಗೆ ಹೊರಟೆವು. ಹೆಂಡತಿ ಇಸ್ತ್ರಿ ಮಾಡಿದ ಹೊಸ ಬಟ್ಟೆ ತೊಟ್ಟು, ಪಕ್ಕದಲ್ಲಿ ಕೂತು, ಬರೆದಿಟ್ಟುಕೊಂಡಿದ್ದ ಭಾಷಣವನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ಊರು ದಾಟಿದ್ದೇ ತಡ, ಎಂಜಿನ್ನಿನೊಳಗೆ ಯಾರೋ ಬೆಕ್ಕಿನ ಬಾಲ ತುಳಿದಂತಾಯಿತು. ಸುಟ್ಟ ರಬ್ಬರಿನ ವಾಸನೆ ಬಂತು. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ಅಲ್ಲೇ ಬಿಡಾರ ಹೂಡಿತು.

"ರೀ, ಏನದು?"

"ಹೊಸ ಪಂಪು. ಪಳಗ್ತಾ ಇದೆ."

ಫಟ್! ಬೆಲ್ಟು ಹರಿದು ರಸ್ತೆಗೆ ಬಿತ್ತು. ಬಾನೆಟ್ಟಿನ ಸುತ್ತಲಿನಿಂದ ಉಗಿ ಭುಸ್ಸೆಂದು ಎದ್ದು, ಎದುರಿನ ರಸ್ತೆಯೇ ಕಾಣದಾಯಿತು. ಕಾರು ಒಮ್ಮೆ ಬಿಕ್ಕಿ ನಿಂತಿತು.

ಹೆಂಡತಿ ಬೈಯುತ್ತಾಳೆಂದು ಕುಗ್ಗಿ ಕೂತೆ. ಬೈಯಲಿಲ್ಲ. ಕೆಳಗಿಳಿದು, ರಸ್ತೆ ಬದಿಯಲ್ಲಿ ನಿಂತು, ಕೆಟ್ಟ ಕಾರು ಎಳೆದೊಯ್ಯುವವರಿಗೆ ತಾನೇ ಫೋನ್ ಮಾಡಿದಳು. ಆಮೇಲೆ ಕೈಗಡಿಯಾರ ನೋಡಿಕೊಂಡಳು. ಭಾಷಣದ ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲದೊಳಗಿಟ್ಟಳು. ಎಷ್ಟೋ ವರ್ಷ ಟೀಚರಾಗಿ ದುಡಿದು ಪಡೆದದ್ದು ಆ ಹೆಡ್‌ಮಿಸ್ಟ್ರೆಸ್ ಕುರ್ಚಿ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ಬಾಯಿಬಿಟ್ಟು ಹೇಳುವುದು ನಮ್ಮ ವಂಶದಲ್ಲೇ ಇಲ್ಲ. "ಗಾಳಿ ಚೆನ್ನಾಗಿದೆ ಅಲ್ವಾ?" ಎಂದೆ.

ಎಂಜಿನ್ ತಣ್ಣಗಾಗುವ ಹೊತ್ತಿಗೆ ಲಾರಿ ಬಂತು. ಅದರಿಂದ ಗ್ಯಾರೇಜಿನ ಯಜಮಾನನೇ ಇಳಿದ. ಪೈಲ್ವಾನನಂಥ ಆಳು, ಗಂಟಲು ಧ್ವನಿವರ್ಧಕ! ಬಾನೆಟ್ ಎತ್ತಿದ. ಇಣುಕಿದ. ಎರಡೂ ಕೈ ಸೊಂಟಕ್ಕೆ ಕೊಟ್ಟುಕೊಂಡ.

"ಯಾವ ಕಟುಕ ಸಾರ್ ಇದನ್ನ ಮಾಡಿದ್ದು?"

ನಾನು ಆಕಾಶ ನೋಡಿದೆ.

"ಇಲ್ಲಿ ನೋಡಿ, ಬೋಲ್ಟು ಮುರಿದು ಗಮ್ ಮೆತ್ತಿದಾನೆ! ಇಲ್ಲಿ ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್! ಬೆಲ್ಟನ್ನ ಯಾವ ದಾರೀಲಿ ಹಾಕಿದ್ನೋ, ದೇವರಿಗೇ ಗೊತ್ತು!" ಅವನು ಕೆಳಗಿನ ಪೈಪು ಕಳಚಿ, ಇಕ್ಕಳ ತೂರಿಸಿ, ಒಳಗಿನಿಂದ ಏನನ್ನೋ ಎಳೆದ. ಎಳೆದಷ್ಟೂ ಬಂತು. ಒಂದು ಬಟ್ಟೆ! ನೀರು ತೊಟ್ಟಿಕ್ಕದಿರಲೆಂದು ನಾನೇ ಪೈಪಿನ ಬಾಯಿಗೆ ತುರುಕಿ ತೆಗೆಯಲು ಮರೆತದ್ದು. "ಹೊಟ್ಟೆ ಆಪರೇಷನ್ ಮಾಡಿ ಒಳಗೇ ಬಟ್ಟೆ ಬಿಟ್ಟು ಹೊಲಿಗೆ ಹಾಕಿದ ಹಾಗಾಯ್ತಲ್ಲ ಸಾರ್! ಯಾರವನು?"

ಹೆಂಡತಿ ಬಟ್ಟೆಯನ್ನು ನೋಡಿದಳು. ಅದು ಅವಳ ಊಟದ ಡಬ್ಬಿ ಸುತ್ತುವ ಬಟ್ಟೆ. ಆಮೇಲೆ ನನ್ನನ್ನು ನೋಡಿದಳು.

"ಯಾರೋ ಒಬ್ಬ... ಮನೆಗೇ ಬಂದು ಮಾಡ್ಕೊಟ್ಟ," ಎಂದೆ.

"ಕುಡಿದಿದ್ನಾ?"

"ಇಲ್ಲ ಅನ್ಸುತ್ತೆ."

"ಹಾಗಾದ್ರೆ ಹುಟ್ಟಿನಿಂದ್ಲೇ ಹಾಗೆ. ಔಷಧಿ ಇಲ್ಲ ಬಿಡಿ!"

ಕಾರಿನ ಮೂತಿಯನ್ನು ಮೇಲಕ್ಕೆತ್ತಿ ಲಾರಿಯ ಹಿಂದೆ ಸಿಕ್ಕಿಸಿ ಆಯಿತು. ಮುಂದಿನ ಸೀಟಿನಲ್ಲಿ ಯಜಮಾನ, ಆ ತುದಿಗೆ ಹೆಂಡತಿ, ನಡುವೆ ಮೀಸೆಯಿಲ್ಲದ ನಾನು. ಮೊದಲು ಶಾಲೆಗೆ ಬಿಡಬೇಕೆಂದು ಅವಳು ಹೇಳಿದಳು, ಅಷ್ಟೇ. ದಾರಿಯುದ್ದಕ್ಕೂ ಅವನು ಆ ಕಾಣದ ಮೆಕ್ಯಾನಿಕ್ಕನ ಜನ್ಮ ಜಾಲಾಡಿದ. ಸುಮ್ಮನಿದ್ದರೆ ಅನುಮಾನ ಬರುತ್ತದಲ್ಲ! ನಾನೂ ದನಿಗೂಡಿಸಿದೆ.

"ಮಹಾ ಅಯೋಗ್ಯ ರೀ ಅವನು!"

"ನೋಡೋಕೆ ಹೇಗಿದ್ದ ಸಾರ್?"

"ನೋಡೋಕೆ ದೊಡ್ಡ ಮನುಷ್ಯನ ಹಾಗೇ ಇದ್ದ. ಅದಕ್ಕೇ ಮೋಸ ಹೋದ್ವಿ. ಬಾಯಿ ಬಿಟ್ರೆ ಬರೀ ಜಂಬ!"

"ಅಂಥವರ ಮನೆಯವರು ಹೇಗೆ ಸಹಿಸ್ಕೊಳ್ತಾರೋ!"

ಆ ತುದಿಯಿಂದ ಒಂದು ನಿಟ್ಟುಸಿರು ಕೇಳಿತು.

ಶಾಲೆ ಬಂತು. ಗೇಟಿನಿಂದ ಮೆಟ್ಟಿಲವರೆಗೆ ಮಕ್ಕಳು ಎರಡು ಸಾಲಾಗಿ ನಿಂತಿದ್ದರು. ಅಧ್ಯಾಪಕರು ಹೂಗುಚ್ಛ ಹಿಡಿದಿದ್ದರು. ಡೋಲು ಬಾರಿಸುವ ಮಕ್ಕಳು ಕೋಲೆತ್ತಿದ್ದರು. ನಡುವೆ ನಮ್ಮ ಲಾರಿ ಗಡಗಡಿಸುತ್ತ ಪ್ರವೇಶಿಸಿತು, ಹಿಂದೆ ಒಂದು ಕಣ್ಣು ಒಡೆದ ಕಾರನ್ನು ಎಳೆದುಕೊಂಡು. ಮಕ್ಕಳೆಲ್ಲ ಓ ಎಂದು ಕೂಗಿ, ಚಪ್ಪಾಳೆ ಹೊಡೆದು, ಡೋಲು ಬಾರಿಸಿದರು ನೋಡಿ! ಇಂಥ ಮೆರವಣಿಗೆಯಲ್ಲಿ ಯಾವ ಹೆಡ್‌ಮಿಸ್ಟ್ರೆಸ್ಸೂ ಬಂದಿರಲಿಕ್ಕಿಲ್ಲ.

ಹೆಂಡತಿ ಸಿಂಹಾಸನದಿಂದ ಇಳಿಯುವ ಮಹಾರಾಣಿಯಂತೆ ಲಾರಿಯಿಂದ ಇಳಿದಳು. ಹಿರಿಯ ಅಧ್ಯಾಪಕರೊಬ್ಬರು ಹೂಗುಚ್ಛ ಕೊಡುತ್ತ, "ಏನಾಯ್ತು ಮೇಡಂ?" ಎಂದರು. ಉತ್ತರ ಕೊಟ್ಟದ್ದು ಗ್ಯಾರೇಜಿನ ಯಜಮಾನ, ಕೊನೆಯ ಸಾಲಿನ ಮಕ್ಕಳಿಗೂ ಕೇಳಿಸುವ ಹಾಗೆ!

"ಏನಾಗೋದು ಸಾರ್? ಯಾವನೋ ದಡ್ಡ ಶಿಖಾಮಣಿ ಪಂಪು ಹಾಕ್ತೀನಿ ಅಂತ ಎಂಜಿನ್ನೇ ಹಾಳು ಮಾಡಿದಾನೆ!" ನನ್ನತ್ತ ತಿರುಗಿ ತೋಳೇರಿಸಿದ. "ಸಾರ್, ಆ ಮನುಷ್ಯ ಎಲ್ಲಿ ಸಿಗ್ತಾನೆ ಹೇಳಿ. ಒಂದೇ ಒಂದು ಸಲ ಅವನ ಮುಖ ನೋಡ್ಬೇಕು!"

"ಅಯ್ಯೋ, ಅವನೆಲ್ಲಿ ಸಿಗ್ತಾನೆ?" ಎಂದೆ ಅವಸರದಲ್ಲಿ. "ಊರು ಬಿಟ್ಟೇ ಹೋದ!"

ಹೆಂಡತಿ ಹೂಗುಚ್ಛವನ್ನು ಎದೆಗೊತ್ತಿಕೊಂಡು, ಇಡೀ ಶಾಲೆಯ ಎದುರು, ಹೆಡ್‌ಮಿಸ್ಟ್ರೆಸ್ಸಾಗಿ ತನ್ನ ಮೊದಲ ಮಾತನ್ನು ಆಡಿದಳು.

"ಎಲ್ಲೂ ಹೋಗಿಲ್ಲ. ರಾತ್ರಿ ಊಟಕ್ಕೆ ನಮ್ಮನೆಗೇ ಬರ್ತಾನೆ. ನೀವೂ ಬನ್ನಿ, ಪರಿಚಯ ಮಾಡಿಸ್ತೀನಿ."